ಮಳೆಗಾಲದ ಎಂಟು ಸಂಜೆಗಳಲ್ಲಿ ಪ್ರಸಂಗ ಕಲಿಸುವುದು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಪ್ರಸಂಗದ, ಅಂದರೆ ಚರ್ಚಿನಲ್ಲಿ ಬೈಬಲ್ ವಾಕ್ಯದ ಮೇಲೆ ಮಾಡುವ ಉಪದೇಶದ, ತರಬೇತಿಗೆ ಜೂನ್, ಜುಲೈಗಿಂತ ಒಳ್ಳೆಯ ಕಾಲ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೇರೆ ದಿನಗಳಲ್ಲಿ ಸಂಜೆಯ ಯಾವ ಕೂಟಕ್ಕೂ ಸಿಗದವರು ಈಗ ಮನೆಯಲ್ಲಿರುತ್ತಾರೆ. ವಾರಕ್ಕೊಂದರಂತೆ ಎಂಟು ಸಂಜೆ ಸಲೀಸಾಗಿ ಸಿಗುತ್ತವೆ. ಸಿರ್ಸಿ, ಯಲ್ಲಾಪುರದ ಕಡೆ ಇದೇ ಹೊತ್ತಿಗೆ ಗದ್ದೆಯ ನಾಟಿ, ಅಡಿಕೆಗೆ ಮದ್ದು ಹೊಡೆಯುವ ಗಡಿಬಿಡಿ. ಅಲ್ಲಿನವರು ಕೊನೆಕೊಯ್ಲು, ಸುಲಿಯುವ ಕೆಲಸ ಮುಗಿದ ಮೇಲೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಇಟ್ಟುಕೊಳ್ಳಲಿ.

ಒಂದು ತಂಡಕ್ಕೆ ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಎಲ್ಲರಿಗೂ ಮಾತಾಡುವ ಸರದಿ ಬರುವುದಿಲ್ಲ, ಉಳಿದವರು ಬರೀ ಕೇಳುಗರಾಗುತ್ತಾರೆ. ಕಥೋಲಿಕ ಗುರುಗಳು, ಪ್ರೊಟೆಸ್ಟಂಟ್ ಸಭಾಪಾಲಕರು (ಪಾಸ್ಟರುಗಳು), ಉಪದೇಶಿಗಳು, ವಾಚಕರು, ಭಾನುವಾರದ ಶಾಲೆಯ ಶಿಕ್ಷಕಿಯರು ಒಂದೇ ಸುತ್ತಿನಲ್ಲಿ ಕೂರಲಿ. ಆದರೆ ಯಾರು ಎಲ್ಲಿ ಮಾತಾಡಬಹುದು ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಿ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನ 767ನೇ ನಿಯಮದಂತೆ ಬಲಿಪೂಜೆಯ (ಮಾಸ್) ನಡುವಿನ ಪ್ರಸಂಗ, ಅಂದರೆ ಪ್ರಬೋಧನೆ, ಗುರುಗಳಿಗೂ ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನರಿಗೂ ಮೀಸಲು. ಶ್ರೀಸಾಮಾನ್ಯರಿಗೆ ಬೇರೆ ಸಂದರ್ಭಗಳಲ್ಲಿ ಉಪದೇಶ ಮಾಡಲು 766ನೇ ನಿಯಮ ದಾರಿ ಬಿಡುತ್ತದೆ. ಮನೆ ಪ್ರಾರ್ಥನೆ, ಬೈಬಲ್ ವಾಕ್ಯದ ಆರಾಧನೆ, ಸಾವಿನ ಮನೆಯ ಜಾಗರಣೆ ಇವೆಲ್ಲ ಅಲ್ಲಿ ಬರುತ್ತವೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಭಾಪಾಲಕರ ಒಪ್ಪಿಗೆಯಿದ್ದರೆ ಉಪದೇಶಿ ಭಾನುವಾರವೇ ಪೀಠ ಹತ್ತಬಹುದು. ಇದನ್ನು ಮೊದಲೇ ಹೇಳದಿದ್ದರೆ ಕೊನೆಯ ವಾರ ಮನಸ್ತಾಪ ಗ್ಯಾರಂಟಿ.

ಮೊದಲ ಎರಡು ಸಂಜೆ ಯಾರೂ ಪ್ರಸಂಗ ಮಾಡಬಾರದು

ಕಲಿಸಲು ಬಂದವರಿಗೇ ಇದು ಕಷ್ಟ. ಬೈಬಲಿನ ಒಂದು ವಾಕ್ಯಭಾಗ ಆರಿಸಿಕೊಳ್ಳಿ, ಎಂಟೂ ವಾರ ಅದನ್ನೇ ಇಟ್ಟುಕೊಳ್ಳಿ. ಇಲ್ಲಿ ಮಾರ್ಕನ ಸುವಾರ್ತೆಯ 4:35–41ನ್ನು ತೆಗೆದುಕೊಂಡಿದ್ದೇವೆ: ಶಿಷ್ಯರ ದೋಣಿ ಬಿರುಗಾಳಿಗೆ ಸಿಕ್ಕಾಗ ಯೇಸು ಗಾಳಿಯನ್ನೂ ನೀರನ್ನೂ ಗದರಿಸಿದ ಭಾಗ. ಮೂರು ವರ್ಷಕ್ಕೊಮ್ಮೆ ಸುತ್ತುವ ಕಥೋಲಿಕ ವಾಚನಪಟ್ಟಿಯಲ್ಲಿ ಇದು ಎರಡನೆಯ, ಅಂದರೆ ‘ಬಿ’ ವರ್ಷದ ಸಾಧಾರಣ ಕಾಲದ 12ನೇ ಭಾನುವಾರದ ಪಾಠ, ಸಾಮಾನ್ಯವಾಗಿ ಬರುವುದೂ ಜೂನ್‌ನಲ್ಲೇ. ಏಳೇ ವಚನ, ಎಲ್ಲರಿಗೂ ಬಾಯಿಪಾಠ. ಬಾಯಿಪಾಠವಾದ ಭಾಗವನ್ನು ಜನ ಓದುವುದನ್ನೇ ಬಿಟ್ಟಿರುತ್ತಾರೆ, ಅದಕ್ಕೇ ಇದು ಒಳ್ಳೆಯ ಆಯ್ಕೆ.

ಮೊದಲ ಸಂಜೆ ಈ ಏಳು ವಚನಗಳನ್ನು ಐದು ಸಲ ಗಟ್ಟಿಯಾಗಿ ಓದಿಸಿ. ಪ್ರತಿ ಸಲ ಓದುಗರು ಬೇರೆ, ಅನುವಾದವೂ ಬದಲಾಗುತ್ತಿರಲಿ: ಹಳೆಯ ಸತ್ಯವೇದ (ಬೈಬಲಿನ ಹಳೆಯ ಕನ್ನಡ ಅನುವಾದ), ಬೈಬಲ್ ಸೊಸೈಟಿಯ ಸರಳ ಕನ್ನಡ ಅನುವಾದ, ಮನೆಯಲ್ಲಿ ಕೊಂಕಣಿ ಆಡುವವರಿದ್ದರೆ ಒಮ್ಮೆ ಕೊಂಕಣಿಯಲ್ಲಿ. ಕೇಳುವವರ ಪುಸ್ತಕ ಮುಚ್ಚಿರಲಿ. ಓದಿನ ನಡುವೆ ಎರಡು ನಿಮಿಷ ಮೌನ. ಆಮೇಲೆ ಪ್ರತಿಯೊಬ್ಬರೂ ಇದುವರೆಗೆ ಗಮನಿಸದೆ ಇದ್ದ ಒಂದೊಂದು ವಿವರ ಹೇಳಬೇಕು, ಅಷ್ಟೇ. ‘ಇದರ ಅರ್ಥ ಏನೆಂದರೆ’ ಎಂದು ಶುರುಮಾಡಿದವರನ್ನು ಅಲ್ಲೇ ತಡೆಯಿರಿ.

ಸಿಗುವ ವಿವರಗಳು ಕಡಿಮೆಯೇನಲ್ಲ. ಹೊರಟದ್ದು ಸಂಜೆ. ಯೇಸು ಇದ್ದ ಹಾಗೆಯೇ ದೋಣಿಯಲ್ಲಿ ಕರೆದೊಯ್ದರು, ಏಕೆಂದರೆ ನಾಲ್ಕನೇ ಅಧ್ಯಾಯದ ಮೊದಲಿನಿಂದ ಆತ ದೋಣಿಯಲ್ಲೇ ಕೂತು ಬೋಧಿಸುತ್ತಿದ್ದ. ಬೇರೆ ದೋಣಿಗಳೂ ಜೊತೆಗಿದ್ದವು. ಅವುಗಳ ಗತಿ ಏನಾಯಿತೆಂದು ಮಾರ್ಕ ಹೇಳುವುದೇ ಇಲ್ಲ. ಆತ ಮಲಗಿದ್ದು ದೋಣಿಯ ಹಿಂಬದಿಯಲ್ಲಿ, ತಲೆದಿಂಬಿನ ಮೇಲೆ. ಎಬ್ಬಿಸಿದವರು ಕಾಪಾಡು ಎನ್ನಲಿಲ್ಲ, ‘ನಿನಗೆ ಚಿಂತೆಯೇ ಇಲ್ಲವೇ’ ಎಂದು ಆಕ್ಷೇಪಿಸಿದರು. ಇನ್ನೊಂದು ವಿವರವನ್ನು ಎಲ್ಲರೂ ದಾಟಿಬಿಡುತ್ತಾರೆ: ಶಿಷ್ಯರು ಬಹಳವಾಗಿ ಭಯಪಟ್ಟರೆಂದು ಮಾರ್ಕ ಬರೆಯುವುದು ಗಾಳಿ ನಿಂತ ಮೇಲೆ.

ಎರಡನೇ ಸಂಜೆ ಶಬ್ದಗಳ ಕೆಲಸ. ಗ್ರೀಕ್ ಕಲಿತ ಗುರುಗಳೋ ಪಾಸ್ಟರೋ ಇದ್ದರೆ ಅವರಿಗೆ ಹತ್ತು ನಿಮಿಷ ಕೊಡಿ, ಹೆಚ್ಚು ಬೇಡ. ಈ ಭಾಗದಲ್ಲಿ ‘ದೊಡ್ಡ’ ಎಂಬ ಅರ್ಥದ ಮೆಗಾಸ್ ಎಂಬ ಶಬ್ದ ಮೂರು ಸಲ ಬರುತ್ತದೆ: ದೊಡ್ಡ ಬಿರುಗಾಳಿ, ದೊಡ್ಡ ಶಾಂತಿ, ದೊಡ್ಡ ಭಯ. ಅನುವಾದದಲ್ಲಿ ‘ಬಹಳ’, ‘ಪೂರ್ಣ’ ಎಂದೆಲ್ಲ ಬದಲಾದಾಗ ಈ ಸರಣಿ ಮರೆಯಾಗುತ್ತದೆ. ನೀರಿಗೆ ಬಾಯಿ ಮುಚ್ಚು ಎಂದ ಮಾತಿಗೂ ಮಾರ್ಕ 1:25ರಲ್ಲಿ ದೆವ್ವಕ್ಕೆ ಹೇಳಿದ ಮಾತಿಗೂ ಮೂಲದಲ್ಲಿ ಒಂದೇ ಧಾತು. ಆಮೇಲೆ ಯೋನ 1ನೇ ಅಧ್ಯಾಯ, ಯೋಬ 38:8–11, ಕೀರ್ತನೆ 107:23–30 ಓದಿಸಿ. ಯೋನನೂ ಬಿರುಗಾಳಿಯಲ್ಲಿ ಮಲಗಿದ್ದ, ಅವನನ್ನೂ ಎಬ್ಬಿಸಿದರು. ಕಡಲಿಗೆ ಎಲ್ಲೆ ಹಾಕುವವನು ದೇವರೊಬ್ಬನೇ ಎಂದು ಯೋಬನ ಗ್ರಂಥ ಹೇಳುತ್ತದೆ. ಇವನ್ನು ಕೇಳುತ್ತ ಬೆಳೆದ ಶಿಷ್ಯರಿಗೆ, ಈ ಭಾಗದ ಕೊನೆಯಲ್ಲಿ ಅವರು ಕೇಳುವ ‘ಇವನು ಯಾರು’ ಎಂಬ ಪ್ರಶ್ನೆ ಎಷ್ಟು ಭಾರವಾಗಿತ್ತೆಂದು ಆಗ ಹೊಳೆಯುತ್ತದೆ.

ಎರಡು ಅನುವಾದಗಳಲ್ಲಿ ದೇವರ ಹೆಸರೇ ಬೇರೆ ಎಂಬುದೂ ಇಲ್ಲೇ ಎದುರಾಗುತ್ತದೆ. ಹಳೆಯ ಸತ್ಯವೇದದಲ್ಲಿ ಯೆಹೋವನು, ಸರಳ ಅನುವಾದದಲ್ಲಿ ಸರ್ವೇಶ್ವರ. ಅದರ ಬಗ್ಗೆ ವಾದಕ್ಕೆ ಇಳಿದರೆ ಸಂಜೆ ಹಾಳು. ಯಾರ ಮುಂದೆ ಮಾತಾಡುತ್ತೀರೋ ಅವರ ಕೈಯಲ್ಲಿರುವ ಪುಸ್ತಕದ ಶಬ್ದವನ್ನೇ ಬಳಸಿ.

ಯಾರ ಕಡಲು?

ಮೂರನೇ ಸಂಜೆ ಇದಕ್ಕೇ ಮೀಸಲಿಡಿ. ಮೀನುಗಾರರ ಕೇರಿಯಲ್ಲಿ ಈ ಭಾಗ ಹೇಳುವುದು ಸುಲಭವೆನಿಸುತ್ತದೆ, ತಪ್ಪು ನುಸುಳುವುದೂ ಅಲ್ಲೇ. ಕೇಳುಗರ ಕಣ್ಣಮುಂದೆ ಬರುವುದು ಅರಬ್ಬೀ ಸಮುದ್ರ, ಅಳಿವೆಯ ಬಾಯಲ್ಲಿ ಏಳುವ ತೆರೆ, ಉಬ್ಬರ-ಇಳಿತ. ಗಲಿಲಾಯದ ಸಮುದ್ರ ಎಂಬುದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಕಡಲಿನ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತ ಗುಡ್ಡ. ಗುಡ್ಡದ ಕಣಿವೆಗಳಿಂದ ತಣ್ಣನೆಯ ಗಾಳಿ ಥಟ್ಟನೆ ಇಳಿದು ನೀರನ್ನು ಎಬ್ಬಿಸುತ್ತದೆ. 1986ರಲ್ಲಿ ಬರಗಾಲದಿಂದ ನೀರು ತಗ್ಗಿದಾಗ ಅದರ ದಡದ ಕೆಸರಿನಲ್ಲಿ ಒಂದನೇ ಶತಮಾನದ ಕಾಲದ ಮೀನುಗಾರರ ದೋಣಿಯೊಂದು ಸಿಕ್ಕಿತು: ಉದ್ದ ಎಂಟು ಮೀಟರಿಗಿಂತ ತುಸು ಹೆಚ್ಚು, ಅಗಲ ಸುಮಾರು 2.3 ಮೀಟರ್. ನೆಲದ ಮೇಲೆ ಸುಣ್ಣದಪುಡಿಯಲ್ಲಿ ಈ ಅಳತೆ ಗೀಚಿ, ಅದರೊಳಗೆ ಹದಿಮೂರು ಜನರನ್ನು ಕೂರಿಸಿ. ಒಬ್ಬರು ಮಲಗಲಿ. ಹತ್ತು ನಿಮಿಷದ ವಿವರಣೆಗಿಂತ ಇದು ಹೆಚ್ಚು ಕಲಿಸುತ್ತದೆ. ತಂಡದಲ್ಲಿ ಎಂಟೇ ಜನರಿದ್ದರೆ ಹೊರಗೆ ಆಡುವ ಮಕ್ಕಳನ್ನು ಕರೆಯಿರಿ, ಖುಷಿಯಾಗಿ ಬರುತ್ತಾರೆ.

ನಮ್ಮೂರಿನ ಹೋಲಿಕೆ ಬೇಡವೆಂದಲ್ಲ. ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಎರಡೂ ಗೊತ್ತಿರಬೇಕು. ಮತ್ತಾಯ 13:47ರ ಬಲೆ ರಂಪಣಿಯಂಥದ್ದು. ಒಳ್ಳೆಯದು ಕೆಟ್ಟದ್ದು ಎನ್ನದೆ ಬಾಚಿ ದಡಕ್ಕೆ ಎಳೆಯುತ್ತದೆ, ಬೇರ್ಪಡಿಸುವುದು ಆಮೇಲೆ. ಮತ್ತಾಯ 4:18ರಲ್ಲಿ ಪೇತ್ರ, ಅಂದ್ರೆಯರ ಕೈಯಲ್ಲಿದ್ದದ್ದು ಬೀಸುಬಲೆ. ಕನ್ನಡದಲ್ಲಿ ಎರಡೂ ‘ಬಲೆ’ಯೇ, ಗ್ರೀಕಿನಲ್ಲಿ ಬೇರೆ ಬೇರೆ ಶಬ್ದ. ಇದು ಚೆನ್ನಾಗಿ ಕೂಡುವ ಹೋಲಿಕೆ. ಸಿರ್ಸಿಯ ಕಡೆ ಯೋಹಾನ 15ರ ದ್ರಾಕ್ಷಿಬಳ್ಳಿಗೆ ಕಾಳುಮೆಣಸಿನ ಬಳ್ಳಿಯನ್ನು ಹೋಲಿಸುವವರಿದ್ದಾರೆ. ಅದು ಅರ್ಧ ದಾರಿಯಲ್ಲಿ ಮುರಿಯುತ್ತದೆ. ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿ ನಿಲ್ಲುತ್ತದೆ, ಫಲ ಹೆಚ್ಚಲೆಂದು ವರ್ಷವರ್ಷ ದ್ರಾಕ್ಷಿಯಂತೆ ಅದನ್ನು ಸವರುವ ರೂಢಿಯಿಲ್ಲ. ಎರಡನೇ ವಚನದ ಜೀವವೇ ಆ ಸವರುವಿಕೆ.

ಹೋಲಿಕೆಗಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ನಂಬಿಕೆ ಇದ್ದರೆ ನಿಮ್ಮ ದೋಣಿ ಮುಳುಗುವುದಿಲ್ಲ’ ಎಂಬ ಪ್ರಸಂಗ. ಈ ವಾಕ್ಯಭಾಗ ಹಾಗೆ ಹೇಳುವುದಿಲ್ಲ. ಅಲ್ಲಿ ದೋಣಿ ಉಳಿದದ್ದು ನಂಬಿಕೆ ಇಲ್ಲದವರದ್ದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಕಾಣೆಯಾದ ಸುವರ್ಣ ತ್ರಿಭುಜ ಬೋಟಿನಲ್ಲಿದ್ದ ಏಳು ಜನರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿದ್ದರು. 2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಜನ ಸತ್ತರು. ಈ ಕರಾವಳಿಯ ಯಾವ ಬೆಂಚಿನಲ್ಲಿ ಕಡಲು ಕೊಂಡೊಯ್ದವರ ತಾಯಿಯೋ ಹೆಂಡತಿಯೋ ಕೂತಿರುತ್ತಾರೋ ಪೀಠದ ಮೇಲಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ಪ್ರಸಂಗದ ಕರಡನ್ನೂ ಆ ಹೆಂಗಸಿನ ಕಿವಿಯಿಂದ ಒಮ್ಮೆ ಕೇಳಿ ನೋಡಿ. ಆಕೆಯ ಮುಂದೆ ಹೇಳಲಾಗದ ಸಾಲನ್ನು ಹೊಡೆದು ಹಾಕಿ.

ಒಂದೇ ವಾಕ್ಯ

ನಾಲ್ಕನೇ ಸಂಜೆ ಪ್ರತಿಯೊಬ್ಬರೂ ತಮ್ಮ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆಯಲಿ. ಹದಿನೈದು ಪದ ಮೀರಬಾರದು, ‘ಮತ್ತು’ ಇರಬಾರದು. ‘ಮತ್ತು’ ಬಂದರೆ ಎರಡು ಪ್ರಸಂಗ ಕೈಗೆ ಬಂದಿವೆ ಎಂದೇ ಲೆಕ್ಕ. ‘ನಂಬಿಕೆಯ ಮಹತ್ವ’ ಎಂಬುದು ತಲೆಬರಹ, ವಾಕ್ಯವಲ್ಲ. ‘ಗಾಳಿಗೆ ಹೆದರಿದವರು ಗಾಳಿ ನಿಲ್ಲಿಸಿದವನಿಗೆ ಇನ್ನೂ ಹೆಚ್ಚು ಹೆದರಿದರು’ ಎಂದರೆ ಹಿಡಿಯಲು ಒಂದು ಕೊಕ್ಕೆ ಸಿಗುತ್ತದೆ. ಬರೆದ ವಾಕ್ಯಕ್ಕೆ ಒಂದು ಪರೀಕ್ಷೆ: ವಾಕ್ಯಭಾಗವನ್ನು ಬದಲಿಸಿ ಬೇರೊಂದನ್ನಿಟ್ಟರೂ ಇದು ಹೊಂದುತ್ತದೆಯೇ? ಹೊಂದಿದರೆ ಅದು ಈ ಭಾಗದಿಂದ ಬಂದದ್ದಲ್ಲ. ಮನೆಯಿಂದಲೇ ತಂದದ್ದು.

ಈ ಸಂಜೆ ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡು ಗಂಟೆಯಲ್ಲಿ ಮೂವರದ್ದು ಸರಿಯಾದರೂ ಸಾಕು.

ಬರೆಯುವುದು

ಬಲಿಪೂಜೆಯ ಪ್ರಬೋಧನೆ ಹತ್ತು ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸ್ 2018ರಲ್ಲಿ ಹೇಳಿದ್ದರು. ಪ್ರೊಟೆಸ್ಟಂಟ್ ಆರಾಧನೆಯಲ್ಲಿ ಇಪ್ಪತ್ತು ನಿಮಿಷ ರೂಢಿ. ಕಲಿಯುವವರಿಗೆ ಇಬ್ಬರದ್ದೂ ಬೇಡ, ಎಂಟು ನಿಮಿಷ ಕೊಡಿ. ಎಷ್ಟು ಬರೆಯಬೇಕೆಂದು ತಿಳಿಯಲು ಒಂದು ಪುಟವನ್ನು ಪೀಠದಲ್ಲಿ ಮಾತಾಡುವ ವೇಗದಲ್ಲಿ ಮೂರು ನಿಮಿಷ ಓದಿ ಪದ ಎಣಿಸಿ, ಮೂರರಿಂದ ಭಾಗಿಸಿ. ಹೆಚ್ಚಿನವರು ನಿಮಿಷಕ್ಕೆ 80ರಿಂದ 100ರ ಆಸುಪಾಸಿಗೆ ಬರುತ್ತಾರೆ. ಅಂದರೆ ಎಂಟು ನಿಮಿಷಕ್ಕೆ 700 ಪದ, ಎರಡು ಫುಲ್‌ಸ್ಕೇಪ್ ಹಾಳೆ.

ಪೂರ್ತಿ ಬರೆಯಲಿ, ಆದರೆ ಬರೆದದ್ದನ್ನು ಓದಬಾರದು. ಬರೆಯುವುದರಿಂದ ಯೋಚನೆ ಗಟ್ಟಿಯಾಗುತ್ತದೆ, ಓದುವುದರಿಂದ ಕಣ್ಣು ಕಾಗದಕ್ಕೆ ಅಂಟುತ್ತದೆ. ಕೊನೆಗೆ ಅಂಗೈಯಗಲದ ಒಂದು ಚೀಟಿಗೆ ಇಳಿಸಿ: ಒಂದೇ ವಾಕ್ಯ, ಮೂರೋ ನಾಲ್ಕೋ ನಿಲ್ದಾಣ, ಮೊದಲ ಸಾಲು, ಕೊನೆಯ ಸಾಲು. ಮೊದಲ ಮತ್ತು ಕೊನೆಯ ಸಾಲು ಮಾತ್ರ ಬಾಯಿಪಾಠ. ಪ್ರಸಂಗ ಹಾಳಾಗುವುದು ಹೆಚ್ಚಾಗಿ ಕೊನೆಗೆ, ವಿಮಾನದಂತೆ ಇಳಿಯುವಾಗ. ‘ಕೊನೆಯದಾಗಿ’ ಎಂದವರು ಇನ್ನೂ ಆರು ನಿಮಿಷ ಇಳಿದಾಣಕ್ಕಾಗಿ ಹುಡುಕುತ್ತ ಸುತ್ತುತ್ತಾರೆ.

ಭಾಷೆ ಬಗ್ಗೆ ಒಂದು ಮಾತು. ಕಾರವಾರ, ಅಂಕೋಲಾ, ಹೊನ್ನಾವರದ ಅನೇಕ ಕ್ರೈಸ್ತ ಮನೆಗಳಲ್ಲಿ ಕನ್ನಡ ಶಾಲೆಯ ಭಾಷೆ, ಊಟದ ಭಾಷೆ ಕೊಂಕಣಿ. ಅಜ್ಜಿಗೆ ಶೆರ್ಮಾಂವ್ ಎಂದರೆ ತಿಳಿಯುತ್ತದೆ, ‘ಪ್ರಬೋಧನೆ’ ದೂರ. ಗ್ರಾಂಥಿಕ ಕನ್ನಡದ ಉದ್ದ ವಾಕ್ಯವನ್ನು ಎರಡಾಗಿ ಮುರಿಯಿರಿ, ಕ್ರಿಯಾಪದ ಬೇಗ ಬರಲಿ. ವಿಮೋಚನೆ, ನೀತಿ, ಕೃಪೆಯಂಥ ಶಬ್ದಗಳನ್ನು ಬಿಡಬೇಡಿ, ಮೊದಲ ಸಲ ಬಂದಾಗ ಒಂದು ದೈನಂದಿನ ಸಂಗತಿಯ ಪಕ್ಕ ಕೂರಿಸಿ ಮುಂದೆ ಹೋಗಿ. ಕೊಂಕಣಿಯ ಒಂದೆರಡು ಮಾತು ನಡುವೆ ಬಂದರೆ ಯಾರೂ ಬೇಸರಪಡುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ ಎರಡೂ ಕಡೆಯವರು ಎಳೆ ಕಳೆದುಕೊಳ್ಳುತ್ತಾರೆ.

ನಿಂತು ಹೇಳುವುದು, ಕೂತು ಕೇಳುವುದು

ಐದರಿಂದ ಏಳನೇ ಸಂಜೆಯವರೆಗೆ ದಿನಕ್ಕೆ ಮೂವರಂತೆ ಎಂಟು ನಿಮಿಷ ಮಾತಾಡಲಿ. ಚರ್ಚಿನಲ್ಲೇ, ಮೈಕಿಲ್ಲದೆ. ಜುಲೈಯಲ್ಲಿ ಕರೆಂಟಿನ ಭರವಸೆಯಿಲ್ಲ, ಹಂಚಿನ ಮೇಲೆ, ಶೀಟಿನ ಮೇಲೆ ಮಳೆ ಹೊಡೆಯುವಾಗ ಕೂಗಿದರೆ ಗಂಟಲು ಒಡೆಯುತ್ತದೆ, ಮಾತು ತಲುಪುವುದಿಲ್ಲ. ವೇಗ ಇಳಿಸಿ, ಪದದ ಕೊನೆಯ ಅಕ್ಷರ ನುಂಗದೆ ಹೇಳಿ. ಕನ್ನಡದಲ್ಲಿ ವಿಭಕ್ತಿಯೂ ಕ್ರಿಯೆಯ ಕಾಲವೂ ಪದದ ಬಾಲದಲ್ಲಿವೆ. ಬಾಲ ನುಂಗಿದರೆ ಯಾರು ಯಾರನ್ನು ಗದರಿಸಿದರೆಂಬುದೇ ಗೊತ್ತಾಗುವುದಿಲ್ಲ. ಜೋರು ಮಳೆ ಬಂದರೆ ನಿಲ್ಲಿಸಿ, ಅರ್ಧ ನಿಮಿಷ ಕಾಯಿರಿ. ಯಾರೂ ಓಡಿಹೋಗುವುದಿಲ್ಲ, ಹೊರಗೂ ಅದೇ ಮಳೆ.

ವಿಮರ್ಶೆಗೆ ಕಟ್ಟುನಿಟ್ಟಿನ ಕ್ರಮ ಬೇಕು. ಇಲ್ಲದಿದ್ದರೆ ‘ಚೆನ್ನಾಗಿತ್ತು ಫಾದರ್’ ಎಂಬಲ್ಲಿಗೆ ಮುಗಿಯುತ್ತದೆ. ಮಾತು ಮುಗಿದ ಕೂಡಲೇ ಕೇಳಿದವರೆಲ್ಲ ತಮಗೆ ದಕ್ಕಿದ್ದನ್ನು ಒಂದು ವಾಕ್ಯದಲ್ಲಿ, ಹೆಸರು ಹಾಕದೆ, ಚೀಟಿಯಲ್ಲಿ ಬರೆಯಲಿ. ಚೀಟಿಗಳನ್ನು ಓದಿ, ಮಾತಾಡಿದವರ ನಾಲ್ಕನೇ ಸಂಜೆಯ ವಾಕ್ಯದ ಪಕ್ಕ ಇಡಿ. ಐದು ಚೀಟಿಯಲ್ಲಿ ಐದು ವಿಷಯ ಬಂದರೆ ಪ್ರಸಂಗ ಚದುರಿದೆ. ಐದರಲ್ಲೂ ಉದಾಹರಣೆಯ ಕಥೆ ಮಾತ್ರ ಬಂದರೆ ಕಥೆ ಬೈಬಲ್ ವಾಕ್ಯವನ್ನು ನುಂಗಿದೆ. ಮುಂದಿನ ಸಲ ಕಥೆ ಅರ್ಧಕ್ಕಿಳಿಯಲಿ. ಎಲ್ಲರಿಗಿಂತ ಮೊದಲು ಗುರುಗಳೋ ಪಾಸ್ಟರೋ ತಮ್ಮ ಪ್ರಸಂಗವನ್ನು ಈ ಪರೀಕ್ಷೆಗೆ ಒಡ್ಡಲಿ. ಅವರ ಪ್ರಸಂಗದ ಬಗೆಗಿನ ಚೀಟಿಗಳನ್ನು ಗಟ್ಟಿಯಾಗಿ ಓದಿದ ಮೇಲೆಯೇ ಉಳಿದವರ ಬಾಯಿ ಬಿಡುತ್ತದೆ.

ಎಂಟನೇ ಸಂಜೆ ಹೊಸದೇನೂ ಇಲ್ಲ. ಎಡವಿದವರು ಮತ್ತೊಮ್ಮೆ ಹೇಳಲಿ, ಉಳಿದವರು ಆಗಸ್ಟ್ ತಿಂಗಳ ಪಟ್ಟಿ ಮಾಡಲಿ: ಯಾರಿಗೆ ಯಾವ ಮನೆ ಪ್ರಾರ್ಥನೆ, ಯಾರಿಗೆ ಯಾವ ಭಾನುವಾರ, ಯಾವ ವಾಕ್ಯಭಾಗ. ಅದರ ಎದುರು ಒಂದು ಖಾಲಿ ಕಾಲಂ ಬಿಡಿ. ಮಾತಾಡುವ ದಿನಕ್ಕೆ ಐದು ದಿನ ಮೊದಲು ಆ ಕಾಲಂನಲ್ಲಿ ಹದಿನೈದು ಪದದ ವಾಕ್ಯ ಬಿದ್ದಿರಬೇಕು. ಬೀಳದಿದ್ದರೆ ಆ ವಾರದ ಸರದಿ ಪಕ್ಕದವರಿಗೆ.