ಐದು ಸದಸ್ಯರ ಅರೇಯಲ್ಲಿ ಉಳಿದುಕೊಂಡ ಒಂದು ವಿಳಾಸ

ಸದಸ್ಯತ್ವದ ಅವಧಿ ಮುಗಿದವರ ಬ್ಲಾಕ್‌ಚೈನ್ ಖಾತೆಯ ವಿಳಾಸಗಳನ್ನು ಪಟ್ಟಿಯಿಂದ ತೆಗೆದುಹಾಕುವ ಚಿಕ್ಕ ಫಂಕ್ಷನ್ ಒಂದನ್ನು ಸಾಲಿಡಿಟಿ 0.8ರಲ್ಲಿ (ಎಥೀರಿಯಂ ಬ್ಲಾಕ್‌ಚೈನ್ ಮೇಲೆ ನಡೆಯುವ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಂಗಳನ್ನು ಬರೆಯುವ ಭಾಷೆ) ಬರೆದಿದ್ದೆ. ಅರೇಯ, ಅಂದರೆ ಆ ಪಟ್ಟಿಯ, ಒಂದು ಅಂಶವನ್ನು ಡಿಲೀಟ್ ಮಾಡಿದರೆ ಆ ಜಾಗದಲ್ಲಿ ಸೊನ್ನೆ ವಿಳಾಸ ಬಂದು ಕೂರುತ್ತದೆಯೇ ಹೊರತು ಅರೇಯ ಉದ್ದ ಕಡಿಮೆಯಾಗುವುದಿಲ್ಲ. ಆದ್ದರಿಂದ ಕೊನೆಯ ಅಂಶವನ್ನು ತೆಗೆಯಬೇಕಾದವರ ಜಾಗಕ್ಕೆ ತಂದಿಟ್ಟು, ನಂತರ ಕೊನೆಯದನ್ನು ಪಾಪ್ ಮಾಡುವ, ಅಂದರೆ ಅರೇಯಿಂದಲೇ ತೆಗೆದುಹಾಕುವ, ರೂಢಿಯ ವಿಧಾನವನ್ನೇ ಅನುಸರಿಸಿದೆ.

ಮೊದಲ ಟೆಸ್ಟ್‌ನಲ್ಲೇ ಟ್ರಾನ್ಸಾಕ್ಷನ್ ರಿವರ್ಟ್ ಆಯಿತು, ಅಂದರೆ ಅರ್ಧದಲ್ಲೇ ನಿಂತು ಅದರ ಬದಲಾವಣೆಗಳೆಲ್ಲ ರದ್ದಾದವು. ಪ್ಯಾನಿಕ್ ಎಂಬ ದೋಷದ ಸಂಕೇತ ಹೆಕ್ಸ್ 32, ಅಂದರೆ ಇಂಡೆಕ್ಸ್ (ಸೊನ್ನೆಯಿಂದ ಎಣಿಸುವ ಸ್ಥಾನಸಂಖ್ಯೆ) ಅರೇಯ ಮಿತಿಯನ್ನು ದಾಟಿತ್ತು. ಸ್ಟೋರೇಜ್‌ನ ಒಂದು ಸ್ಲಾಟನ್ನು ಟ್ರಾನ್ಸಾಕ್ಷನ್‌ನಲ್ಲಿ ಮೊದಲ ಬಾರಿ ಓದಲು 2100 ಗ್ಯಾಸ್ (ಪ್ರತಿ ಕೆಲಸದ ವೆಚ್ಚವನ್ನು ಅಳೆಯುವ ಮಾನ), ಆಮೇಲೆ ಪ್ರತಿ ಸಲವೂ 100 ಗ್ಯಾಸ್ ತಗಲುವುದರಿಂದ, ಅದನ್ನು ಉಳಿಸಲೆಂದು ಅರೇಯ ಉದ್ದವನ್ನು ಲೂಪ್‌ಗೆ ಮೊದಲೇ ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟಿದ್ದೆ. ಐವರಲ್ಲಿ ಒಬ್ಬರನ್ನು ತೆಗೆದ ಮೇಲೂ ಲೂಪ್ ಐದೇ ಎಂದು ಎಣಿಸುತ್ತಿತ್ತು.

ಉದ್ದವನ್ನು ಪ್ರತಿ ಸುತ್ತಿನಲ್ಲೂ ಓದುವಂತೆ ಬದಲಿಸಿದಾಗ ಟೆಸ್ಟ್ ಪಾಸಾಯಿತು. ನಿಜವಾದ ತಪ್ಪು ಇದ್ದದ್ದು ಅದರ ಹಿಂದೆ. ಇಬ್ಬರ ಅವಧಿ ಮುಗಿದಿರುವಂತೆ ಇನ್ನೊಂದು ಟೆಸ್ಟ್ ಬರೆದರೆ ಒಬ್ಬರು ಪಟ್ಟಿಯಲ್ಲೇ ಉಳಿದರು. ದೋಷದ ಸಂದೇಶ ಮಾತ್ರ ಯಾವುದೂ ಇಲ್ಲ. ಕಾಂಟ್ರ್ಯಾಕ್ಟ್ ಪರೀಕ್ಷಿಸುವ ಸಾಧನವಾದ ಹಾರ್ಡ್‌ಹ್ಯಾಟ್‌ನ ಕನ್ಸೋಲ್ ಲಾಗ್ ಬಳಸಿ ಪ್ರತಿ ಸುತ್ತಿನ ಇಂಡೆಕ್ಸ್, ಉದ್ದ ಮತ್ತು ವಿಳಾಸವನ್ನು ಮುದ್ರಿಸಿ, ಅದನ್ನು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ತೆಗೆಯಬೇಕಾದವರು ಇಂಡೆಕ್ಸ್ 1 ಮತ್ತು 4ರಲ್ಲಿದ್ದರು. 1ನ್ನು ತೆಗೆದಾಗ 4ರಲ್ಲಿದ್ದವರೇ 1ಕ್ಕೆ ಬಂದು ಕೂತರು, ಆದರೆ ಲೂಪ್ ಅಷ್ಟರಲ್ಲಿ 2ಕ್ಕೆ ಹೋಗಿಬಿಟ್ಟಿತ್ತು. ಹೊಸದಾಗಿ ಬಂದವರನ್ನು ಯಾರೂ ಪರೀಕ್ಷಿಸಲೇ ಇಲ್ಲ. ರಿವರ್ಟ್ ಆಗುವ ದೋಷಕ್ಕಿಂತ ಹೀಗೆ ಸದ್ದಿಲ್ಲದೆ ಉಳಿಯುವ ದೋಷಕ್ಕೇ ನಾನು ಹೆಚ್ಚು ಹೆದರುತ್ತೇನೆ, ಏಕೆಂದರೆ ಕಾಂಟ್ರ್ಯಾಕ್ಟ್ ಒಮ್ಮೆ ಡಿಪ್ಲಾಯ್ ಆದ ಮೇಲೆ ಅದರ ಕೋಡನ್ನು ತಿದ್ದುವುದು ಸುಲಭವಲ್ಲ.

ಹಿಂದಿನಿಂದ ಮುಂದಕ್ಕೆ ಬಂದರೆ ಈ ತೊಡಕಿಲ್ಲ. ಜಾಗ ತುಂಬಲು ಬರುವ ಕೊನೆಯ ಅಂಶವನ್ನು ಆಗಲೇ ಪರೀಕ್ಷಿಸಿ ಆಗಿರುತ್ತದೆ. ಆದರೆ ಇಂಡೆಕ್ಸ್ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿರುವವರೆಗೆ ಎಂಬ ಷರತ್ತು ಬರೆದದ್ದು ಮತ್ತೊಂದು ತಪ್ಪಾಯಿತು. ಇಂಡೆಕ್ಸ್‌ನಂಥ ಚಿಹ್ನೆಯಿಲ್ಲದ, ಅಂದರೆ ಸೊನ್ನೆಗಿಂತ ಕೆಳಗಿಳಿಯಲಾರದ, ಪೂರ್ಣಾಂಕದ ಮಟ್ಟಿಗೆ ಆ ಷರತ್ತು ಯಾವಾಗಲೂ ನಿಜ. ಸೊನ್ನೆಯಿಂದ ಒಂದನ್ನು ಕಳೆಯಹೊರಟಾಗ ಪ್ಯಾನಿಕ್ ಹೆಕ್ಸ್ 11, ಅಂದರೆ ಲೆಕ್ಕ ಮಿತಿ ಮೀರಿದ ದೋಷ, ಬಂತು. ಪಟ್ಟಿ ಖಾಲಿಯಿದ್ದರೆ, ಉದ್ದದಿಂದ ಒಂದನ್ನು ಕಳೆಯುವ ಆರಂಭದ ಸಾಲಿನಲ್ಲೇ ಅದೇ ಗತಿ. ಕೊನೆಗೆ ಇಂಡೆಕ್ಸನ್ನು ಪೂರ್ತಿ ಉದ್ದದಿಂದಲೇ ಆರಂಭಿಸಿ, ಅದು ಸೊನ್ನೆಗಿಂತ ಹೆಚ್ಚಿರುವವರೆಗೆ ಲೂಪ್ ನಡೆಸಿ, ಲೂಪ್‌ನ ಒಳಗಿನ ಮೊದಲ ಸಾಲಿನಲ್ಲಿ ಒಂದನ್ನು ಕಳೆದೆ.

ಅನಂತರ ಅಂಥದೇ ಇನ್ನೊಂದು ಸಾಧನವಾದ ಫೌಂಡ್ರಿಯಲ್ಲಿ ಒಂದು ಫಜ್ ಟೆಸ್ಟ್ ಬರೆದೆ. ಯಾರ ಅವಧಿ ಮುಗಿದಿದೆ ಎಂಬುದನ್ನು ಅದೇ ಯಾದೃಚ್ಛಿಕವಾಗಿ ಆರಿಸುತ್ತದೆ. ಪಟ್ಟಿಯಲ್ಲಿ ಅವಧಿ ಮುಗಿದವರು ಒಬ್ಬರೂ ಉಳಿದಿಲ್ಲ, ಮುಗಿಯದವರು ಒಬ್ಬರೂ ಕಳೆದುಹೋಗಿಲ್ಲ ಎಂಬ ಎರಡನ್ನೂ ನಾನು ಪರೀಕ್ಷಿಸುತ್ತೇನೆ. ಅದರ ಡೀಫಾಲ್ಟ್ 256 ಸುತ್ತುಗಳೂ ಪಾಸಾದ ಮೇಲೆಯೇ ಕನ್ಸೋಲ್ ಲಾಗ್‌ನ ಸಾಲುಗಳನ್ನು ಅಳಿಸಿದೆ.