67ರ ಶೆವೆಲ್‌ಗೆ ಐದು ಗೇರ್: 0.68 ಬೇಡ ಅಂದವರಿಗೆ

"0.68 ಓವರ್‌ಡ್ರೈವ್ ತಗೋಬೇಡ, ನಿನ್ನ ಕ್ಯಾಮ್‌ಗೆ ಅದು ಆಗಲ್ಲ." ನನ್ನ ಹಳೇ ಕಾರಿಗೆ ಐದು ಗೇರಿನ ಬಾಕ್ಸ್ ಹುಡುಕುವಾಗ ಈ ಮಾತು ಹೇಳದವರೇ ಇರಲಿಲ್ಲ. 0.68 ಅಂದರೆ ಐದನೇ ಗೇರಲ್ಲಿ ಡ್ರೈವ್‌ಶಾಫ್ಟ್ ಒಂದು ಸುತ್ತು ಬರೋಕೆ ಇಂಜಿನ್ 0.68 ಸುತ್ತು ತಿರುಗಿದರೆ ಸಾಕು. ಕ್ಯಾಮ್ ಅಂದರೆ ಇಂಜಿನ್ನಿನ ವಾಲ್ವ್ ತೆರೆಯುವ ಶಾಫ್ಟ್. ಕಾರು ನೋಡಿದವರೂ ಹೇಳಿದರು, ನೋಡದವರೂ ಹೇಳಿದರು. ಹೋದ ಬೇಸಿಗೆ ಪೂರ್ತಿ ಅದೇ ಗೇರ್‌ಬಾಕ್ಸಿನಲ್ಲಿ ಓಡಿಸಿದ್ದೇನೆ. ಡೆಟ್ರಾಯಿಟ್ ಪಕ್ಕದ ನಮ್ಮ ಮನೆಯಿಂದ ಐ-75 ಹಿಡಿದು ಮ್ಯಾಕಿನಾ ಸೇತುವೆಯವರೆಗೂ ಹೋಗಿ ಬಂದಿದ್ದೇನೆ. ಹೆಂಡತಿ ಪಕ್ಕದಲ್ಲಿ ನಿದ್ದೆ ಮಾಡಿದಳು. ಹಳೇ ಗೇರ್‌ಬಾಕ್ಸ್ ಇದ್ದಾಗ ಆ ಕಾರಲ್ಲಿ ಮಾತಾಡೋದೇ ಕಷ್ಟ ಇತ್ತು, ನಿದ್ದೆ ಎಲ್ಲಿಂದ ಬರಬೇಕು?

ಕಾರು ಶೆವ್ರೊಲೆಯವರ 1967ರ ಶೆವೆಲ್ ಮ್ಯಾಲಿಬು. ಹಳೇ ಮಾಲೀಕ 350 ಘನ ಇಂಚಿನ ಇಂಜಿನ್ ಕೂರಿಸಿದ್ದ. ಕ್ಯಾಮ್ 50 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಎತ್ತರದಲ್ಲಿ 230 ಡಿಗ್ರಿ ಆಸುಪಾಸು, ಅಂದರೆ ಸ್ವಲ್ಪ ರೇಸಿನ ಕಡೆಗೆ ವಾಲಿದ್ದು. ಹಿಂದೆ 12-ಬೋಲ್ಟ್ ಆಕ್ಸಲ್, 3.73 ರೇಷಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ 3.73 ಸುತ್ತು. ಟೈರ್ 235/60-15, ಅಂದ್ರೆ ಎತ್ತರ ಸುಮಾರು 26 ಇಂಚು. ಇಷ್ಟೆಲ್ಲ ಖರ್ಚು ಮಾಡಿದ ಮನುಷ್ಯ ಗೇರ್‌ಬಾಕ್ಸ್ ಮಾತ್ರ ಸ್ಯಾಗಿನಾ ನಾಲ್ಕು ಗೇರಿನದ್ದೇ ಉಳಿಸಿಕೊಂಡಿದ್ದ. ಅದು ಮೂರನೇ ಗೇರಲ್ಲಿ ಕೊರಗುತ್ತಿತ್ತು. ನಾಲ್ಕರಲ್ಲಿ 70 ಮೈಲಿ ಸ್ಪೀಡಿಗೆ ಇಂಜಿನ್ 3,400 ಆರ್‌ಪಿಎಂ ತಿರುಗುತ್ತಿತ್ತು. ಉತ್ತರ ಮಿಷಿಗನ್‌ನಲ್ಲಿ ಲಿಮಿಟ್ 75. ಲಾರಿಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ಮೊದಲು ಮನಸ್ಸು ಹೋಗಿದ್ದು ಮನ್ಸಿ ಅನ್ನೋ ನಾಲ್ಕು ಗೇರಿನ ಹಳೇ ಬಾಕ್ಸ್ ಕಡೆಗೆ. ಯಾರಿಗೆ ಹೋಗಲ್ಲ ಹೇಳಿ? ಆ ಕಾಲದ ಕಾರಿಗೆ ಆ ಕಾಲದ ಗೇರ್‌ಬಾಕ್ಸ್. ಹಳೇ ಸಾಮಾನಿನ ಸಂತೆಯೊಂದರಲ್ಲಿ ಒಬ್ಬರು "ಎಂ21" ಅಂತ ಚೀಟಿ ಅಂಟಿಸಿ 1,800 ಡಾಲರ್ ಹೇಳಿದರು. ಇನ್‌ಪುಟ್ ಶಾಫ್ಟಿನ ಮೇಲೆ ಎರಡು ಗೀರು ಇತ್ತು. ಎರಡು ಗೀರು ಅಂದರೆ ಎಂ20, ಒಂದೇ ಇದ್ದರೆ ಎಂ21, ಗೀರೇ ಇಲ್ಲದ್ದು ಎಂ22. ಅದನ್ನು ಹೇಳಿದ ಕೂಡಲೇ ರೇಟು 300 ಡಾಲರ್ ಇಳಿಯಿತು. ಆದರೂ ತಗೊಳ್ಳಲಿಲ್ಲ. ಎಂ20 ಆದರೇನು, ಎಂ21 ಆದರೇನು, ನಾಲ್ಕನೇ ಗೇರ್ 1.00 ತಾನೇ? ದುಡ್ಡು ಕೊಟ್ಟು ಅದೇ 3,400 ಆರ್‌ಪಿಎಂ ಮನೆಗೆ ತರೋದು ಯಾಕೆ?

ನಾಲ್ಕು ಗೇರ್ ಹಾಗೇ ಇಟ್ಟು ಹಿಂದುಗಡೆ ಗೇರ್ ವೆಂಡರ್ಸ್ ಕಂಪನಿಯ ಓವರ್‌ಡ್ರೈವ್ ಸೇರಿಸು ಅಂದವರೂ ಇದ್ದರು. ಅದು ಒಳ್ಳೇ ಯೂನಿಟ್, 0.78 ಕೊಡುತ್ತದೆ. ಲೆಕ್ಕ ಹಾಕಿದೆ. 70ಕ್ಕೆ ಸುಮಾರು 2,600. ಬೆಲೆ ಮಾತ್ರ ಹೊಸ ಐದು ಗೇರಿನ ಬಾಕ್ಸಿಗೆ ಸಮ. ಅಷ್ಟು ಕೊಟ್ಟ ಮೇಲೂ ಮುಂದೆ ಕೊರಗೋದು ಅದೇ ಸ್ಯಾಗಿನಾ.

ಹಾಗಾಗಿ ಮೊದಲನೇ ಚಳಿಗಾಲ ಅಗ್ಗದ ದಾರಿ ಹಿಡಿದೆ. ಇಲ್ಲಿ ನವೆಂಬರ್‌ನಿಂದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೇ ಕಾರು ಹೇಗಿದ್ದರೂ ಗ್ಯಾರೇಜಲ್ಲೇ ಇರಬೇಕು, ಕೆಲಸಕ್ಕೆ ಬೇಕಾದಷ್ಟು ಟೈಂ. ಕಮಾರೋದಿಂದ ಬಿಚ್ಚಿದ ವರ್ಲ್ಡ್ ಕ್ಲಾಸ್ ಟಿ-5 ಅನ್ನೋ ಐದು ಗೇರಿನ ಬಾಕ್ಸ್ ಒಂದು 800 ಡಾಲರಿಗೆ ಸಿಕ್ಕಿತು. ಕಮಾರೋದಲ್ಲಿ ಆ ಬಾಕ್ಸ್ 17 ಡಿಗ್ರಿ ವಾಲಿಕೊಂಡು ಕೂರುತ್ತದೆ. ನಮ್ಮ ಕಾರಿನಲ್ಲಿ ಬಾಕ್ಸನ್ನು ನೆಟ್ಟಗೆ ಕೂರಿಸಿದರೆ ಶಿಫ್ಟರ್ ಓರೆ ಆಗುತ್ತದೆ. ಅದಕ್ಕೆ ಎಸ್-10 ಪಿಕಪ್‌ನ ಟೇಲ್‌ಹೌಸಿಂಗ್ (ಬಾಕ್ಸಿನ ಹಿಂದಿನ ಕವಚ) ಹುಡುಕಿ ಹಾಕಿದೆ. ಶಿಫ್ಟರ್ ಮುಂದಕ್ಕೂ ಬಂತು, ನೆಟ್ಟಗೂ ಆಯಿತು. ಎಲ್ಲ ಸೇರಿ 1,200 ಡಾಲರ್ ಇರಬಹುದು. ಗೇರ್ ಬೀಳೋದು ಬೆಣ್ಣೆ. ಒಂದು ಬೇಸಿಗೆ ಅರ್ಧದವರೆಗೆ ನಾನೇ ರಾಜ.

ಆಮೇಲೆ ಮೂರನೇ ಗೇರಿನ ಹಲ್ಲು ಉದುರಿತು. ವುಡ್‌ವರ್ಡ್ ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಒಂದೇ ಒಂದು ಸಲ ಜೋರಾಗಿ ಒತ್ತಿದ್ದೆ. ಟಿ-5 ತಾಕತ್ತು 300 ಪೌಂಡ್-ಅಡಿ ಟಾರ್ಕ್ ಆಸುಪಾಸು. ಈ 350 ಅದಕ್ಕಿಂತ ಸಾಕಷ್ಟು ಜಾಸ್ತಿ ಕೊಡುತ್ತದೆ. ನಿಧಾನ ಓಡಿಸೋರಿಗೆ ಟಿ-5 ಇವತ್ತಿಗೂ ಒಳ್ಳೇದೇ. ನನ್ನ ಬಲಗಾಲು ಹಾಗಿಲ್ಲ.

ಆಗ ಶುರುವಾಯಿತು ನೋಡಿ ಉಪದೇಶ. ಅರ್ಧ ಜನ ಟಿ-56 ಮ್ಯಾಗ್ನಮ್ ಅಂದರು. ಆರು ಗೇರ್, 700 ಪೌಂಡ್-ಅಡಿ. ಅದರ ಮೇಲೆ ನನಗೆ ಗೌರವ ಇದೆ. ಆದರೆ ಅದು ದಪ್ಪ ಬಾಕ್ಸ್, ಶೆವೆಲ್‌ನ ಟನಲ್ (ಗೇರ್‌ಬಾಕ್ಸ್ ಮೇಲೆ ಬರುವ ನೆಲದ ಉಬ್ಬು) ಕತ್ತರಿಸಬೇಕು. ಐವತ್ತು ವರ್ಷ ತುಕ್ಕು ತಪ್ಪಿಸಿಕೊಂಡು ಬಂದ ನೆಲಕ್ಕೆ ನಾನು ಗ್ರೈಂಡರ್ ಹಿಡಿಯೋದಿಲ್ಲ. ಮೇಲಾಗಿ ಕಿಟ್ ಸೇರಿದರೆ ಏಳು ಸಾವಿರದ ಹತ್ತಿರ ಹೋಗುತ್ತಿತ್ತು. ಆರನೇ ಗೇರ್ ಹಾಕೋದು ಯಾವ ರಸ್ತೆಯಲ್ಲಿ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ಉಳಿದದ್ದು ಟ್ರೆಮೆಕ್ ಕಂಪನಿಯ ಐದು ಗೇರಿನ ಟಿಕೆಎಕ್ಸ್. ಹಳೇ ಟಿಕೆಓ ಜಾಗಕ್ಕೆ ಬಂದದ್ದು. 600 ಪೌಂಡ್-ಅಡಿ ತಡೆಯುತ್ತದೆ. ಮೇಲ್ಭಾಗ ತಗ್ಗಾಗಿರುವುದರಿಂದ ಟನಲ್‌ಗೆ ಜಾಸ್ತಿ ತಗಲುವುದಿಲ್ಲ. ಟಿಕೆಓದಲ್ಲಿ ಸ್ಪೀಡಾಗಿ ಗೇರ್ ಹಾಕಿದರೆ ಕರಕರ ಅನ್ನೋ ದೂರು ಹಳೇದು, ಇದರಲ್ಲಿ ಸಿಂಕ್ರೊ (ಗೇರ್ ಬೀಳುವಾಗ ವೇಗ ಹೊಂದಿಸುವ ಉಂಗುರ) ಬದಲಾಗಿದೆ, ಆ ಕಾಟ ಇಲ್ಲ. ಸ್ಪೀಡೋಮೀಟರ್‌ಗೆ ಕೇಬಲ್ಲೂ ಹಾಕಬಹುದು, ಎಲೆಕ್ಟ್ರಾನಿಕ್ ಕೂಡ ಹಾಕಬಹುದು. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ಜಗಳ ಎಲ್ಲ ರೇಷಿಯೋ ಬಗ್ಗೆ.

ಮೂರು ಸೆಟ್ ಸಿಗುತ್ತದೆ. ಮೊದಲ ಗೇರ್ 3.27, ಐದನೇದು 0.72. ಇಲ್ಲವೇ 2.87 ಮತ್ತು 0.81. ಇಲ್ಲವೇ 2.87 ಮತ್ತು 0.68. ನನ್ನ 3.73ಕ್ಕೆ 3.27 ಗುಣಿಸಿದರೆ 12.2. ಅದು ಟ್ರ್ಯಾಕ್ಟರ್. ಕ್ಲಚ್ ಬಿಟ್ಟು ಎರಡು ಕಾರಿನ ಉದ್ದ ಹೋಗುವಷ್ಟರಲ್ಲಿ ಎರಡನೇ ಗೇರ್ ಕೇಳುತ್ತದೆ. 2.87 ಆದರೆ 10.7. ರಸ್ತೆ ಕಾರಿಗೆ 10ರಿಂದ 11ರ ಒಳಗೆ ಇರಬೇಕು ಅನ್ನೋದು ನನ್ನ ಲೆಕ್ಕ. ಇನ್ನು ಐದನೇದು. 0.81 ಅಂದರೆ 70ಕ್ಕೆ 2,700 ಚಿಲ್ಲರೆ. 0.68 ಅಂದರೆ 2,300.

"2,700 ತಗೋ, ಆ ಕ್ಯಾಮ್ 2,300ರಲ್ಲಿ ಜಗ್ಗುತ್ತದೆ" ಅಂತ ಎಲ್ಲರೂ. ನಾನು 0.68 ತರಿಸಿದೆ. ನಾನು ಈ ಕಾರಲ್ಲಿ ಹೋಗೋದು ಹೈವೇ ಮೇಲೆ, ರೇಸ್ ಟ್ರ್ಯಾಕಿಗಲ್ಲ. ಗೇರ್ ರೇಷಿಯೋ ಒಂದು ಸಲ ತಗೊಂಡರೆ ಮುಗಿಯಿತು, ಇಂಜಿನ್ ಟ್ಯೂನಿಂಗ್ ಯಾವಾಗ ಬೇಕಾದರೂ ಬದಲಿಸಬಹುದು. ಬದಲಿಸೋಕೆ ಆಗದ್ದನ್ನು ಮೊದಲು ಸರಿಯಾಗಿ ಆರಿಸಬೇಕು ಅಲ್ವಾ?

ಕೂರಿಸೋದು ಎಲ್ಲರಿಗೂ ಗೊತ್ತು, ಎರಡು ಮೂರು ವಿಷಯ ಮಾತ್ರ ಹೇಳುತ್ತೇನೆ. ಬೆಲ್‌ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯದ ಗಂಟೆಯಾಕಾರದ ಕವಚ) ನಡುವಿನ ತೂತಿಗೆ ಡಯಲ್ ಗೇಜ್ ಇಡದೆ ಈ ಬಾಕ್ಸ್ ಹಾಕಲೇಬೇಡಿ. "ನಲವತ್ತು ವರ್ಷ ಮನ್ಸಿ ಹಾಕಿದ್ದೇವೆ, ಒಂದು ಸಲವೂ ಅಳೆದಿಲ್ಲ" ಅಂತ ಪಕ್ಕದ ಮನೆ ಅಜ್ಜ ನಕ್ಕರು. ಮನ್ಸಿ ಸಹಿಸಿಕೊಳ್ಳುತ್ತದೆ, ಇದು ಸಹಿಸಲ್ಲ. ಗೇಜಿನ ಮುಳ್ಳು ಒಟ್ಟು 5 ಥೌ ಒಳಗೆ ಆಡಬೇಕು. ನನ್ನದು 18 ಥೌ ತೋರಿಸಿತು. ಅದರ ಅರ್ಧ 9 ಥೌ ನಡು ತಪ್ಪಿದೆ ಅಂತ ಅರ್ಥ. ಆಫ್‌ಸೆಟ್ ಡವೆಲ್ (ಕವಚವನ್ನು ಸ್ವಲ್ಪ ಸರಿಸಿ ಕೂರಿಸುವ ಗೂಟ) 7, 14, 21 ಥೌ ಹೀಗೆ ಸಿಗುತ್ತದೆ. 7ರ ಜೋಡಿ ಹಾಕಿ ತಿರುಗಿಸಿ ತಿರುಗಿಸಿ ಕೂರಿಸಿದ ಮೇಲೆ 4ಕ್ಕೆ ಬಂತು. ಖರ್ಚು 40 ಡಾಲರ್, ಹೋದದ್ದು ಒಂದು ಇಡೀ ವಾರಾಂತ್ಯ. ಬೆರಳು ಹೆಪ್ಪುಗಟ್ಟುವ ಚಳಿ ಬೇರೆ.

ಪೈಲಟ್ ಬುಷ್‌ಗೆ (ಇನ್‌ಪುಟ್ ಶಾಫ್ಟಿನ ತುದಿ ಕೂರುವ ಬುಷ್) ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣ ಬೆರೆಸಿದ್ದು, ಎಸೆಯಿರಿ. ಥ್ರೋಔಟ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಒತ್ತುವ ಬೇರಿಂಗ್) ಗಿಡ್ಡದ್ದೋ ಉದ್ದದ್ದೋ ಅಂತ ಪ್ರೆಶರ್ ಪ್ಲೇಟಿನ ಬೆರಳು ನೋಡಿ ತೀರ್ಮಾನ ಮಾಡಿ. ಬಾಗಿದ ಬೆರಳಿಗೆ ಗಿಡ್ಡದ್ದು, ಚಪ್ಪಟೆ ಬೆರಳಿಗೆ ಉದ್ದದ್ದು. ಹೈಡ್ರಾಲಿಕ್ ಕ್ಲಚ್ಚೇ ಬೇಕು ಅಂತ ಮಾರುವವರು ಹೇಳುತ್ತಾರೆ. ನಾನು ಪೆಡಲ್ಲಿಂದ ಕ್ಲಚ್ಚಿಗೆ ಹೋಗುವ ಹಳೇ ಸರಳು, ಜೆಡ್-ಬಾರನ್ನೇ ಇಟ್ಟುಕೊಂಡೆ. 500 ಡಾಲರ್ ಉಳಿಯಿತು, ಕಾಲಿಗೂ ಭಾರ ಇಲ್ಲ.

ನನ್ನದು ಬೆಂಚ್ ಸೀಟಿನ ಕಾರು. ಎರಡು ಮತ್ತು ನಾಲ್ಕನೇ ಗೇರಿಗೆ ಎಳೆದಾಗ ಕೋಲು ಸೀಟಿಗೆ ತಾಗುತ್ತದೆ. ಟಿಕೆಎಕ್ಸ್‌ನಲ್ಲಿ ಶಿಫ್ಟರನ್ನು ಹಿಂದೆ ಮುಂದೆ ಬೇರೆ ಬೇರೆ ಜಾಗದಲ್ಲಿ ಕೂರಿಸಬಹುದು, ಅದರಲ್ಲೂ ಪೂರ್ತಿ ಪರಿಹಾರ ಸಿಗಲಿಲ್ಲ. ಕೋಲನ್ನು ಎರಡು ಕಡೆ ಬಗ್ಗಿಸಿದ ಮೇಲೆ ಸರಿಹೋಯಿತು. ಎಲ್ಲಿ, ಎಷ್ಟು ಅಂತ ಹೇಳಲ್ಲ. ಮೂರು ಕೋಲು ಹಾಳು ಮಾಡಿ ಕಲಿತ ವಿದ್ಯೆ, ಸುಮ್ನೆ ಹೇಗೆ ಕೊಡಲಿ?

ಡ್ರೈವ್‌ಶಾಫ್ಟ್ ಕಥೆ ಬೇರೆ. ಟಿಕೆಎಕ್ಸ್‌ಗೆ 31 ಸ್ಪ್ಲೈನ್ (ಉದ್ದುದ್ದ ಹಲ್ಲು) ಇರುವ ಯೋಕ್, ಅಂದರೆ ಶಾಫ್ಟಿನ ತುದಿಯ ಜೋಡಣೆ ಬೇಕು, ಹಳೇ 27 ಸ್ಪ್ಲೈನಿನದ್ದು ಆಗಲ್ಲ. ಒಂದು ಅಂಗಡಿಯಲ್ಲಿ ಶಾಫ್ಟ್ ಮಾಡಿಸಿದೆ. 65 ದಾಟಿದರೆ ಸೀಟಿನ ಕೆಳಗೆ ಜುಂ ಅನ್ನೋದು. "ನಿಮ್ಮ ಆಂಗಲ್ ಸರಿ ಇಲ್ಲ" ಅಂದರು. ಅಳೆದೆ. ಬಾಕ್ಸ್ ಬಾಲ 3 ಡಿಗ್ರಿ ಕೆಳಗೆ, ಪಿನಿಯನ್ 2 ಡಿಗ್ರಿ ಚಿಲ್ಲರೆ ಮೇಲೆ. ಅದಕ್ಕಿಂತ ಒಳ್ಳೇದು ಬೇಕಾ? ಕೊನೆಗೆ ಶಾಫ್ಟ್ ಬಿಚ್ಚಿ ನೆಲದ ಮೇಲೆ ಉರುಳಿಸಿದರೆ ಎರಡು ತುದಿಯ ಯೋಕ್ ಕಿವಿ ಒಂದೇ ಸಾಲಲ್ಲಿ ಇಲ್ಲ! ವೆಲ್ಡ್ ಮಾಡುವಾಗಲೇ ತಿರುಗಿಸಿ ಕೂರಿಸಿದ್ದಾರೆ. ಬೇರೆ ಕಡೆ ಹೊಸದಾಗಿ ಮಾಡಿಸಿದೆ, ಮತ್ತೆ 400 ಡಾಲರ್. ಅದಾದ ಮೇಲೂ ಸಣ್ಣ ನಡುಕ ಉಳಿದಿತ್ತು. ಅದು ಹೊಸದಲ್ಲ. 70ರಲ್ಲಿ ಶಾಫ್ಟ್ ಸುತ್ತೋದು ಆಗಲೂ 3,400, ಈಗಲೂ 3,400. ಮೊದಲು ಇಂಜಿನ್ ಗದ್ದಲದಲ್ಲಿ ಕೇಳುತ್ತಿರಲಿಲ್ಲ, ಅಷ್ಟೆ. ಹಿಂದಿನ ಹಳೇ ಯು-ಜಾಯಿಂಟ್ ಬದಲಿಸಿದೆ, ಹೋಯಿತು.

ಈಗ ಮುಖ್ಯ ವಿಷಯ. ಮೊದಲ ಸಲ ಐದನೇ ಗೇರ್ ಹಾಕಿ 70ರಲ್ಲಿ ಬಿಟ್ಟೆ. ಜಗ್ಗಿತು. ಮುಂದೆ ತಳ್ಳಿದ ಹಾಗೆ, ಹಿಂದೆ ಎಳೆದ ಹಾಗೆ. ಎಲ್ಲರಿಗೂ ಹಬ್ಬ. "ಹೇಳಿದ್ವಲ್ಲ" ಅಂತ ಫೋನ್ ಮಾಡಿ ಹೇಳಿದವರಿದ್ದಾರೆ. 0.81ರ ಗೇರ್ ಸೆಟ್ ತರಿಸಿ ಬಾಕ್ಸ್ ಬಿಚ್ಚು ಅಂತ ಬಿಟ್ಟಿ ಸಲಹೆ.

ಮೊದಲು ಕಾರ್ಬ್ಯುರೇಟರ್ ಹಿಡಿದೆ. ಜೆಟ್ ಎರಡು ಸೈಜ್ ದೊಡ್ಡದು ಮಾಡಿದೆ, ಸ್ವಲ್ಪ ಕಮ್ಮಿ ಆಯಿತು, ಪ್ಲಗ್ ಕಪ್ಪಾಯಿತು. ವಾಪಸ್ ಹಾಕಿದೆ. ವ್ಯಾಕ್ಯೂಮ್ ಗೇಜನ್ನು ಮುಂದಿನ ಗಾಜಿಗೆ ಟೇಪ್ ಹಚ್ಚಿ ಅಂಟಿಸಿಕೊಂಡು ಓಡಿಸಿದೆ. ಚಪ್ಪಟೆ ರಸ್ತೆಯಲ್ಲಿ 13 ಇಂಚು ವ್ಯಾಕ್ಯೂಮ್ ಇದೆ. ಅಂದರೆ ಪವರ್ ವಾಲ್ವ್ (ಭಾರ ಬಿದ್ದಾಗ ಜಾಸ್ತಿ ಪೆಟ್ರೋಲ್ ಬಿಡುವ ವಾಲ್ವ್) ತೆರೆದಿಲ್ಲ, ಇಂಜಿನ್ ಮೇಲೆ ಅಂಥ ಭಾರವೂ ಇಲ್ಲ. ಮತ್ತೆ ಜಗ್ಗೋದು ಯಾಕೆ?

ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿದೆ. ಇಂಜಿನ್ ಸ್ಪೀಡ್ ಏರಿದ ಹಾಗೆ ಕಿಡಿಯನ್ನು ಬೇಗ ಕೊಡೋದು (ಅಡ್ವಾನ್ಸ್) ಅದರ ಕೆಲಸ. ಒಳಗಿನ ತೂಕಗಳು ಪೂರ್ತಿ ಬಿಚ್ಚಿಕೊಳ್ಳೋದು 3,000ದ ಹತ್ತಿರ. ಹಳೇ ನಾಲ್ಕನೇ ಗೇರಲ್ಲಿ 3,400ರಲ್ಲಿ ಹೋಗುವಾಗ 36 ಡಿಗ್ರಿ ಅಡ್ವಾನ್ಸ್ ಪೂರ್ತಿ ಸಿಗುತ್ತಿತ್ತು. ಈಗ 2,300ರಲ್ಲಿ ಟೈಮಿಂಗ್ ಲೈಟ್ ಹಿಡಿದರೆ 27-28. ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಹಳೇ ಮಾಲೀಕ (ಭಾರ ಕಮ್ಮಿ ಇದ್ದಾಗ ಕಿಡಿಯನ್ನು ಇನ್ನಷ್ಟು ಬೇಗ ಮಾಡುವಂಥದ್ದು) ಕಿತ್ತು ಸ್ಕ್ರೂ ಹಾಕಿ ಮುಚ್ಚಿದ್ದ. ರೇಸ್ ಕಾರಿಗೆ ಅದು ಬೇಡ ಅನ್ನೋ ಹಳೇ ನಂಬಿಕೆ. ಭಾರ ಕಮ್ಮಿ, ಮಿಶ್ರಣ ತೆಳು, ಬೆಂಕಿ ನಿಧಾನ ಹತ್ತುತ್ತದೆ, ಕಿಡಿ ತಡವಾಗಿ ಬರುತ್ತದೆ. ಜಗ್ಗದೆ ಇನ್ನೇನು ಮಾಡುತ್ತದೆ? ಕ್ಯಾಮ್ ಮೇಲೆ ಸುಮ್ನೆ ಗೂಬೆ ಕೂರಿಸಿದ್ದು.

ಅಡ್ಜಸ್ಟ್ ಮಾಡುವಂಥ ವ್ಯಾಕ್ಯೂಮ್ ಅಡ್ವಾನ್ಸ್ ಕ್ಯಾನಿಸ್ಟರ್ 40 ಡಾಲರಿಗೆ ತಂದು ಪೈಪ್ ಜೋಡಿಸಿದೆ. ಮೊದಲು ಜಾಸ್ತಿ ಆಯಿತು, ಏರಿನಲ್ಲಿ ಕಟಕಟ ನಾಕಿಂಗ್. ತೂಕದ ಸ್ಪ್ರಿಂಗ್ ಹಗುರದ್ದು ಹಾಕಿ ನೋಡಿದೆ, ಅದು ಐಡಲ್ ಕೆಡಿಸಿತು. ಸ್ಪ್ರಿಂಗ್ ಮೊದಲಿನದೇ ಇಟ್ಟು ಕ್ಯಾನಿಸ್ಟರ್ ಅಡ್ಡಕ್ಕೆ ಒಂದು ತಡೆ ಮಾಡಿ ವ್ಯಾಕ್ಯೂಮಿನ ಪಾಲು 12 ಡಿಗ್ರಿಗೆ ನಿಲ್ಲಿಸಿದೆ. ಒಟ್ಟು 40 ಡಿಗ್ರಿ. ಯಾವ ಪೋರ್ಟಿನಿಂದ ಪೈಪ್ ಎಳೆದೆ ಅನ್ನೋದು ನನ್ನ ಹತ್ತಿರವೇ ಇರಲಿ, ಎರಡರಲ್ಲಿ ಒಂದು ತಾನೇ, ಹಾಕಿ ನೋಡಿ. ಜಗ್ಗೋದು ನಿಂತುಹೋಯಿತು. 62-63ಕ್ಕೂ ಐದನೇ ಗೇರಲ್ಲಿ ತಕರಾರಿಲ್ಲದೆ ಹೋಗುತ್ತದೆ. ಪಕ್ಕದ ಮನೆ ಅಜ್ಜನನ್ನು ಕೂರಿಸಿಕೊಂಡು ಆನ್ ಆರ್ಬರ್‌ವರೆಗೆ ಹೋಗಿ ಬಂದೆ. ಅವರು ದಾರಿಯುದ್ದಕ್ಕೂ ಹವಾಮಾನದ ಬಗ್ಗೆ ಮಾತಾಡಿದರು.

ಹೈವೇಯಲ್ಲಿ ಗ್ಯಾಲನ್‌ಗೆ 12 ಮೈಲಿ ಕೊಡುತ್ತಿದ್ದದ್ದು ಈಗ 17ರ ಹತ್ತಿರ ಬರುತ್ತಿದೆ. ಅದರಿಂದ ದುಡ್ಡು ವಾಪಸ್ ಬರುತ್ತೆ ಅಂತ ಮನೆಯಲ್ಲಿ ಹೇಳಿದ್ದೇನೆ, ದಯವಿಟ್ಟು ಯಾರೂ ಲೆಕ್ಕ ಹಾಕಬೇಡಿ. ಬಾಕ್ಸ್ 2,900, ಫ್ಲೈವೀಲ್ ಕ್ಲಚ್ 700, ಎರಡು ಸಲದ ಶಾಫ್ಟ್ 800, ಕ್ರಾಸ್‌ಮೆಂಬರ್ ಯೋಕ್ ಎಣ್ಣೆ ಚಿಲ್ಲರೆ ಸೇರಿ ಇನ್ನೊಂದು 600. ಐದು ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. ಟಿ-5ಗೆ ಹೋದದ್ದು ಬೇರೆ. "ಅಷ್ಟು ದುಡ್ಡಿಗೆ ಊರಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತಲ್ಲ ಮಾರಾಯ" ಅಂತ ಕನ್ನಡ ಕೂಟದ ಗೆಳೆಯರೊಬ್ಬರು ಅಂದರು. ಕೊಡಬಹುದಿತ್ತು. ಎಣ್ಣೆ ವಿಷಯ ಬಂತಲ್ಲ, ಇದಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ) ಹಾಕಿ. ಹಳೇ ಅಭ್ಯಾಸಕ್ಕೆ ಡಿಫರೆನ್ಷಿಯಲ್‌ನ ದಪ್ಪ ಎಣ್ಣೆ ಸುರಿದು ಸಿಂಕ್ರೊ ತಿಂದುಹಾಕಬೇಡಿ. ಮೊದಲ 500 ಮೈಲಿ ಮೆತ್ತಗೆ ಓಡಿಸಿ.

ನಿಮ್ಮ ಹಿಂದಿನ ಆಕ್ಸಲ್ 3.31 ಇದ್ದರೆ ನನ್ನ ಸೆಟ್ ಕಣ್ಣುಮುಚ್ಚಿ ತಗೋಬೇಡಿ. ಅದಕ್ಕೆ 3.27 ಮತ್ತು 0.72 ಸರಿ. ಮೊದಲ ಗೇರಿಗೆ 10.8 ಬರುತ್ತದೆ, 70ಕ್ಕೆ 2,150 ಆಗುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಈ ಕ್ಯಾಮ್ ನಿಜವಾಗಿಯೂ ಜಗ್ಗಬಹುದು. 4.10 ಇದ್ದರೆ 0.68ರಲ್ಲಿ 2,500 ಬರುತ್ತದೆ, ಆದರೆ ಮೊದಲ ಗೇರ್ 11.8 ಆಗಿ ಚಿಕ್ಕದಾಗುತ್ತದೆ. 12-ಬೋಲ್ಟ್‌ನಲ್ಲಿ 4.10ರಿಂದ 3.73ಕ್ಕೆ ಇಳಿಯೋಣ ಅಂದರೆ ಕ್ಯಾರಿಯರ್ (ಆಕ್ಸಲ್ ಒಳಗೆ ಗೇರ್ ಕೂರುವ ಭಾಗ) ಕೂಡ ಬದಲಿಸಬೇಕು, ಗೇರ್ ಮಾತ್ರ ತಂದು ಕೂತವರನ್ನು ನೋಡಿದ್ದೇನೆ. ಬಾಕ್ಸ್ ಆರ್ಡರ್ ಮಾಡೋ ಮುಂಚೆ ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಸುತ್ತಿ, ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಮಾರಿದವನ ಮಾತು ಬೇಡ, ಆಕ್ಸಲ್ ಮೇಲಿನ ನಂಬರೂ ಬೇಡ. ಒಳಗಿನ ಗೇರನ್ನು ಯಾರು ಯಾವಾಗ ಬದಲಿಸಿದ್ದಾರೋ!