ಮಲ್ಪೆಯ ಕಂಬಕಲ್ಲಿನಿಂದ ಕುದುರೆಮುಖದ ಘಟ್ಟಕ್ಕೆ

ಮಲ್ಪೆಯ ಸೈಂಟ್ ಮೇರೀಸ್ ದ್ವೀಪವನ್ನೂ ಕುದುರೆಮುಖದ ಘಟ್ಟವನ್ನೂ ಒಂದೇ ಪ್ರಯಾಣದಲ್ಲಿ ಸೇರಿಸುವವರು ಕಡಿಮೆ. ನನಗೆ ಕಲ್ಲಿನ ಹುಚ್ಚು. ಎರಡೂ ಕಡೆ ಪುರಾತನ ಲಾವಾ ಇದೆ ಎಂದು ಓದಿದ ಮೇಲೆ ಬಾವನನ್ನು ಹೊರಡಿಸಿಕೊಂಡು ಕಾರು ತೆಗೆದೆ.

ಇದಕ್ಕೆ ತಕ್ಕ ಕಾಲ ಅಕ್ಟೋಬರ್ ಕೊನೆ ಅಥವಾ ನವೆಂಬರ್. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬೇಸಿಗೆ ಬಂತೆಂದರೆ ಘಟ್ಟದ ಹುಲ್ಲು ಒಣಗಿ, ದೂರದ ಗುಡ್ಡಗಳು ಮಬ್ಬಿನಲ್ಲಿ ಮುಳುಗುತ್ತವೆ. ಇನ್ನೊಂದು ಮಾತು: ದ್ವೀಪಕ್ಕೆ ಸಮುದ್ರದ ಇಳಿತದ ಹೊತ್ತು ನೋಡಿಕೊಂಡೇ ಹೋಗಬೇಕು. ಭರತವಿದ್ದರೆ ಕಂಬಗಳ ಬುಡ ನೀರಿನೊಳಗೆ ಇರುತ್ತದೆ, ನೋಡಬೇಕಾದ್ದೇ ಆ ಬುಡ.

ನಾವು ಬೆಳಗಿನ ದೋಣಿ ಹಿಡಿದೆವು. ಹೆಚ್ಚಿನವರು ಇಳಿದ ಕೂಡಲೇ ಚಿಪ್ಪಿನ ದಂಡೆಯ ಕಡೆ ನಡೆದರು. ನಾವು ಬಂಡೆಗಳ ಸಾಲಿಗೆ ಹೋಗಿ ಕುಳಿತೆವು. ಒಂದಕ್ಕೊಂದು ಅಂಟಿ ನಿಂತ ಕಂಬಗಳು. ಬಾವ ಬೆರಳಿಟ್ಟು ಮುಖಗಳನ್ನು ಎಣಿಸಿದರು: ಕೆಲವಕ್ಕೆ ಐದು, ಕೆಲವಕ್ಕೆ ಆರು. ಎರಡು ಕಂಬಗಳ ನಡುವಿನ ಸಂದಿಯಲ್ಲಿ ಉಪ್ಪು ಬೆಳ್ಳಗೆ ಗೆರೆ ಎಳೆದಿತ್ತು, ಅದರ ಕೆಳಗೆ ಸಣ್ಣ ಚಿಪ್ಪುಗಳು ಕಚ್ಚಿಕೊಂಡಿದ್ದವು.

"ಇದನ್ನು ಯಾರೋ ಕಡಿದು ನಿಲ್ಲಿಸಿದಂತಿದೆಯಲ್ಲ" ಎಂದರು ಬಾವ. ಕಡಿದದ್ದು ತಂಪು. ಹರಿದ ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಮೇಲ್ಮೈ ಬಿರಿಯುತ್ತದೆ. ನೀರು ಬತ್ತಿದ ಗದ್ದೆಯ ಕೆಸರು ಬಿರಿಯುವ ಹಾಗೆಯೇ. ತಂಪು ಒಳಗಿಳಿದಂತೆ ಬಿರುಕೂ ಇಳಿದು ಕಂಬವಾಗುತ್ತದೆ. ಇದನ್ನು ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲು ಎನ್ನುವುದು ರೂಢಿ, ಆದರೆ ಹೆಚ್ಚಿನದು ಸಿಲಿಕಾ ಅಧಿಕವಾಗಿರುವ ರಯೋಲೈಟ್ ಜಾತಿಯ ಕಲ್ಲು. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲ. ದಖ್ಖನ್ ಪ್ರಸ್ಥಭೂಮಿಯ ಲಾವಾ ಇದಕ್ಕಿಂತ ಎರಡು ಕೋಟಿ ವರ್ಷ ಚಿಕ್ಕದು. ವಾಸ್ಕೋ ಡ ಗಾಮ ಇಲ್ಲಿಗೆ ಬಂದು ದ್ವೀಪಕ್ಕೆ ಹೆಸರಿಟ್ಟನೆಂಬ ಕಥೆಯನ್ನಷ್ಟೇ ಹೇಳಿ ಇದನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಮಣಿಪಾಲ, ಹಿರಿಯಡಕ, ಬೈಲೂರು ದಾಟಿ ಕಾರ್ಕಳ ಸೇರಿದೆವು. ದಾರಿಯುದ್ದಕ್ಕೂ ಮುರಕಲ್ಲಿನ ಗೋಡೆಗಳು. 1432ರ ಗೊಮ್ಮಟನನ್ನು ಕೆಳಗಿನಿಂದಲೇ ನೋಡಿ ಕೈಮುಗಿದೆವು, ಪೆಟ್ರೋಲ್ ತುಂಬಿಸಿಕೊಂಡೆವು.

ಬಜಗೋಳಿ ಕಳೆದು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಾಳದ ಗೇಟಿನಲ್ಲಿ ಅರಣ್ಯ ಇಲಾಖೆಯವರು ಚೀಟಿಯಲ್ಲಿ ಹೊತ್ತು ಬರೆದುಕೊಟ್ಟರು. ಆಚೆಯ ಗೇಟನ್ನು ಸಮಯದೊಳಗೆ ದಾಟಬೇಕು, ನಡುವೆ ಕಂಡಲ್ಲಿ ನಿಲ್ಲಿಸುವಂತಿಲ್ಲ. ಕತ್ತಲಾಗುವ ಮುಂಚೆ ಈ ಗೇಟು ಮುಟ್ಟಲೇಬೇಕು. ಅದಕ್ಕೇ ನಾನು ಕಡಲನ್ನು ಮೊದಲು ಇಟ್ಟುಕೊಂಡದ್ದು. ಒಂದು ತಿರುವಿನಲ್ಲಿ ಬಾವ ಫೋಟೋ ಎಂದರು. "ಕಿಟಕಿಯಿಂದಲೇ ತೆಗೆಯಿರಿ ಬಾವ" ಎಂದೆ. ನಿಯಮ ಒಳ್ಳೆಯದೇ, ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಚಿಪ್ಸಿನ ಪೊಟ್ಟಣ ಬಿದ್ದಿರುತ್ತಿತ್ತು.

ಇಲ್ಲಿ ಲಾವಾ ಕಣ್ಣಿಗೆ ಬೀಳುವುದಿಲ್ಲ. ಬೋಳು ಹುಲ್ಲುಗುಡ್ಡ, ಮಡಿಕೆಗಳಲ್ಲಿ ಶೋಲಾ ಕಾಡು, ಅಷ್ಟೇ. ಆದರೆ ಹುಲ್ಲಿನಡಿಯ ಹಸಿರುಗಪ್ಪು ಶಿಲೆಯಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದೆ ಉಕ್ಕಿದ ಲಾವಾ, ಒತ್ತಡಕ್ಕೂ ಬಿಸಿಗೂ ಸಿಕ್ಕಿ ರೂಪ ಬದಲಿಸಿಕೊಂಡದ್ದು. ಅದರ ಜೊತೆಗೇ ಕಬ್ಬಿಣದ ಪದರಗಳು. ಅಯಸ್ಕಾಂತಕ್ಕೆ ಅಂಟುವ ಆ ಮ್ಯಾಗ್ನಟೈಟ್ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ತೆಗೆದುಳಿದ ಹೂಳು ಲಖ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಇದೆ.

ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಉದ್ಯಾನದ ಗೇಟು ದಾಟಿದ ಮೇಲೆ, ಭದ್ರೆಯ ಬದಿಯ ಮರಳಿನ ಮೇಲೆ ಅದನ್ನು ಆಡಿಸಿದೆ. ಕರಿಯ ಪುಡಿ ಎದ್ದು ಬಂದು ಮೀಸೆಯಾಗಿ ನಿಂತಿತು. ಬಾವ ಕಿತ್ತುಕೊಂಡು ತಾವೂ ಆಡಿಸಿದರು, ಆಮೇಲೆ ಅದು ನನ್ನ ಕೈಗೆ ಬರಲೇ ಇಲ್ಲ. ಪುಡಿಯನ್ನು ಅಲ್ಲೇ ಒರೆಸಿ ಬಿಟ್ಟೆವು, ಕಲ್ಲನ್ನಂತೂ ಎಲ್ಲಿಂದಲೂ ಹೊರುವ ಹಾಗಿಲ್ಲ.

ರಾತ್ರಿ ಕಳಸದಲ್ಲಿ ತಂಗಿದೆವು. ವಾಪಸು ಬರುವಾಗ ಅದೇ ದಾರಿ ಬೇಡ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಮಂಗಳೂರಿನ ಕಡೆ ಬರಬಹುದು. ಘಟ್ಟದಲ್ಲಿ ಮಂಜು ಕವಿದರೆ ಮುಂದಿನ ವಾಹನ ಕಾಣಿಸದು, ಹಾಗಾಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬೆಳಕಿರುವಾಗಲೇ ಉಜಿರೆ ಮುಟ್ಟುವುದು ಒಳ್ಳೆಯದು.